‘ಬ್ರೋ’, ‘ನೋ ಕ್ಯಾಪ್’, ‘ಸಿಕ್ಸ್ ಸೆವೆನ್’: ಮಕ್ಕಳ ಇಂಗ್ಲಿಷ್ ಕೆಡುತ್ತಿದೆಯೇ?

ಪ್ರಶ್ನೆ: ನಾವು ಗೋಣಿಕೊಪ್ಪಲಿನ ಸಮೀಪ ಕಾಫಿ ತೋಟ ನೋಡಿಕೊಂಡು, ಜೊತೆಗೊಂದು ಸಣ್ಣ ಹೋಂಸ್ಟೇ ನಡೆಸುತ್ತಿದ್ದೇವೆ. ಮಗ ಮೈಸೂರಿನ ಹಾಸ್ಟೆಲಿನಲ್ಲಿದ್ದು ಪ್ರಥಮ ಪಿಯುಸಿ ಓದುತ್ತಿದ್ದಾನೆ. ಮಗಳು ಇಲ್ಲೇ ಇಂಗ್ಲಿಷ್ ಮಾಧ್ಯಮದಲ್ಲಿ ಎಂಟನೇ ತರಗತಿ. ರಜೆಗೆ ಬಂದ ಮಗ ಅಜ್ಜಿಯನ್ನೂ ‘ಬ್ರೋ’ ಎನ್ನುತ್ತಾನೆ. ಹೋಂಸ್ಟೇಗೆ ಬರಲಿದ್ದ ಹಿರಿಯ ದಂಪತಿ ಕೊಠಡಿಯ ಬಗ್ಗೆ ವಿಚಾರಿಸಿದಾಗ ‘ವ್ಯೂ ಈಸ್ ಫೈರ್, ನೋ ಕ್ಯಾಪ್, ಜಸ್ಟ್ ಪುಲ್ ಅಪ್ ಬ್ರೋ’ ಎಂದು ನನ್ನ ಫೋನಿನಿಂದ ಉತ್ತರ ಕಳಿಸಿಬಿಟ್ಟ (ನೋಟ ಅದ್ಭುತ, ಸುಳ್ಳಲ್ಲ, ಸುಮ್ಮನೆ ಬಂದುಬಿಡಿ ಎಂದರ್ಥವಂತೆ). ಅವರು ಗಾಬರಿಯಿಂದ ಕರೆ ಮಾಡಿ ‘ಎಲ್ಲಿ ಬೆಂಕಿ ಬಿದ್ದಿದೆ’ ಎಂದು ಕೇಳಿದರು. ಕಾಲೇಜಿನ ಪ್ರಬಂಧದಲ್ಲಿ ‘ಗೊನ್ನಾ’, ‘ಲೋಕೀ’ (‘ಒಂಥರಾ’ ಎಂಬರ್ಥದ್ದು) ಎಂದೆಲ್ಲ ಬರೆದು ಅಂಕ ಕಳೆದುಕೊಂಡಿದ್ದಾನೆ. ಮಗಳು ದಿನವಿಡೀ ‘ಸಿಕ್ಸ್ ಸೆವೆನ್’ ಎಂದು ಕೂಗುತ್ತಾಳೆ. ಲೆಕ್ಕ ತಪ್ಪಾದರೆ ಗೆಳತಿಗೆ ‘ಕೆಎಂಎಸ್’ ಎಂದು ಬರೆಯುತ್ತಾಳೆ. ಅದು ‘ನನ್ನನ್ನೇ ಕೊಂದುಕೊಳ್ಳುತ್ತೇನೆ’ ಎಂಬುದರ ಮೊಟಕು ರೂಪವೆಂದು ತಿಳಿದ ಮೇಲೆ ನನಗೆ ನಿದ್ದೆಯಿಲ್ಲ. ಸೇನೆಯಿಂದ ನಿವೃತ್ತರಾದ ನನ್ನ ಮಾವನವರು ‘ಇಂಗ್ಲಿಷೂ ಹೋಯಿತು, ಕೊಡವ ತಕ್ಕೂ (ನಮ್ಮ ಮನೆಮಾತಾದ ಕೊಡವ ಭಾಷೆಯೂ) ಹೋಯಿತು’ ಎಂದು ಸಿಡುಕುತ್ತಾರೆ. ಇಂಥ ಪದಗಳೆಲ್ಲ ಮಾದಕ ವಸ್ತುಗಳ ಗುಪ್ತ ಸಂಕೇತಗಳೆಂಬ ಪಟ್ಟಿಯೊಂದು ನಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿದೆ. ಒಳ್ಳೆಯ ಇಂಗ್ಲಿಷ್ ಬರಲಿ ಎಂದೇ ನಾವು ಚಿಕ್ಕಂದಿನಿಂದ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡಿದೆವು. ಈಗ ಫೋನು ಕಿತ್ತುಕೊಳ್ಳಬೇಕೇ, ಅಥವಾ ನಾವೇ ಈ ಭಾಷೆ ಕಲಿಯಬೇಕೇ?
– ಒಬ್ಬ ತಾಯಿ, ದಕ್ಷಿಣ ಕೊಡಗು

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಗನ ಇಂಗ್ಲಿಷ್ ಕೆಡುತ್ತಿದೆ, ಮಗಳ ಮಾತಿನಲ್ಲಿ ಅಪಾಯವಿದೆ, ಮನೆಮಾತು ಕೈಬಿಟ್ಟು ಹೋಗುತ್ತಿದೆ, ಅರ್ಥವಾಗದ ಪದಗಳ ಹಿಂದೆ ಮಕ್ಕಳು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ನಾಲ್ಕಕ್ಕೂ ಸ್ಲ್ಯಾಂಗ್, ಅಂದರೆ ಗೆಳೆಯರ ಗುಂಪಿನ ಆಡುನುಡಿ, ಒಂದೇ ಕಾರಣವೆಂದು ನಿಮಗೆ ತೋರಿರುವುದು ಸಹಜ. ಆದರೆ ಇವುಗಳ ಬೇರುಗಳು ಬೇರೆ ಬೇರೆ, ಮಾಡಬೇಕಾದದ್ದೂ ಬೇರೆ ಬೇರೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ನಿಮ್ಮ ಮಗನಂಥವರ ಉತ್ತರಪತ್ರಿಕೆಗಳನ್ನು ತಿದ್ದುತ್ತ ಬಂದ ನನಗೆ ಅವನ ಬಾಯಲ್ಲಿ ‘ನೋ ಕ್ಯಾಪ್’ ಬಂದಿತೆಂದು ಚಿಂತೆಯಾಗುವುದಿಲ್ಲ. ಆ ಹಿರಿಯ ದಂಪತಿಗೆ ಉತ್ತರ ಬರೆಯುವ ಹೊತ್ತಿಗೆ ಅವನ ಬಳಿ ಬೇರೆ ಇಂಗ್ಲಿಷೇ ಇರಲಿಲ್ಲವೇನೋ ಎಂಬ ಅನುಮಾನ ಮಾತ್ರ ಚಿಂತೆ ಹುಟ್ಟಿಸುತ್ತದೆ.

ಮೊದಲು ಮಾವನವರ ಆಕ್ಷೇಪವನ್ನು ನೋಡೋಣ, ಏಕೆಂದರೆ ಅದು ಬಹಳ ಹಳೆಯದು. 1710ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಲಂಡನ್ನಿನ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ, ಹೊಸಬರು ಪದಗಳ ಬಾಲ ಕತ್ತರಿಸಿ ಭಾಷೆಯನ್ನು ಹಾಳುಗೆಡವುತ್ತಿದ್ದಾರೆಂದು ಸಿಟ್ಟಿನಿಂದ ಬರೆದಿದ್ದರು. ಅವರು ಹಳಿದ ಪದಗಳಲ್ಲಿ ‘ಮಾಬ್’ ಎಂಬುದೂ ಒಂದು. ‘ಮೊಬೈಲೆ ವಲ್ಗಸ್’ (ಚಂಚಲ ಜನಜಂಗುಳಿ) ಎಂಬ ಲ್ಯಾಟಿನ್ ನುಡಿಗಟ್ಟನ್ನು ಮೊಟಕುಗೊಳಿಸಿದ ಆ ಪದ ಇಂದು ನ್ಯಾಯಾಲಯದ ತೀರ್ಪುಗಳಲ್ಲೂ ಬರುತ್ತದೆ. ಮಕ್ಕಳು ಹುಟ್ಟಿಸಿದ್ದೆಂದು ನಾವು ತಿಳಿದಿರುವ ‘ಓಎಂಜಿ’ಯ ಅತಿ ಹಳೆಯ ದಾಖಲೆ ಸಿಗುವುದು 1917ರ ಒಂದು ಪತ್ರದಲ್ಲಿ. ಅದನ್ನು ಚರ್ಚಿಲ್ಲರಿಗೆ ಬರೆದವರು ಬ್ರಿಟಿಷ್ ನೌಕಾಪಡೆಯ ಮಾಜಿ ಮುಖ್ಯಸ್ಥ ಅಡ್ಮಿರಲ್ ಫಿಷರ್, ಆಗ ಅವರಿಗೆ 76 ವರ್ಷ. ಸೇನೆಯಂತೂ ಸ್ಲ್ಯಾಂಗಿನ ಟಂಕಸಾಲೆಯೇ ಆಗಿತ್ತು: ಸುಖದ ಕೆಲಸಕ್ಕೆ ಇಂಗ್ಲಿಷರು ಹೇಳುವ ‘ಕುಶಿ’ ಎಂಬುದು ನಮ್ಮ ‘ಖುಷಿ’ಯಿಂದ, ತವರು ದೇಶವನ್ನು ಕರೆಯುತ್ತಿದ್ದ ‘ಬ್ಲೈಟಿ’ ಎಂಬುದು ‘ವಿಲಾಯತಿ’ಯಿಂದ, ತಲೆಕೆಟ್ಟವನಿಗೆ ಹೇಳುವ ‘ಡೂಲಾಲಿ’ ಎಂಬುದು ಮಹಾರಾಷ್ಟ್ರದ ದೇವಳಾಲಿಯ ಸೇನಾ ಶಿಬಿರದಿಂದ ಅವರ ಭಾಷೆಗೆ ಹೋದವು. ಮಾವನವರಿಗೆ ಇವನ್ನು ಹೇಳಿ ನೋಡಿ. ಇನ್ನಷ್ಟನ್ನು ಅವರೇ ಸೇರಿಸಿಯಾರು.

ನಿಘಂಟುಕಾರರಿಗೂ ಈ ಪದಗಳ ಬಗ್ಗೆ ಮೈಲಿಗೆಯಿಲ್ಲ. ಆಕ್ಸ್‌ಫರ್ಡ್ 2023ರಲ್ಲಿ ವರ್ಷದ ಪದವೆಂದು ಆರಿಸಿದ್ದು ‘ರಿಜ್’ ಎಂಬುದನ್ನು. ಎದುರಿನವರ ಮನಸ್ಸನ್ನು ಸೆಳೆಯುವ ಮೋಡಿಗೆ ಹುಡುಗರು ಇಟ್ಟ ಹೆಸರದು. 2024ರಲ್ಲಿ ಆರಿಸಿದ ‘ಬ್ರೇನ್ ರಾಟ್’ (ಹುರುಳಿಲ್ಲದ್ದನ್ನೇ ನೋಡಿ ನೋಡಿ ಬುದ್ಧಿ ಮಂಕಾಗುವುದು) ಹೊಸದೆಂದು ತೋರಿದರೂ ಅಮೆರಿಕದ ಲೇಖಕ ಥೋರೊ ಅದನ್ನು 1854ರಲ್ಲೇ ಬಳಸಿದ್ದರು. ಕೇಂಬ್ರಿಜ್ ನಿಘಂಟು 2025ರಲ್ಲಿ ‘ಸ್ಕಿಬಿಡಿ’ (ನಿಶ್ಚಿತ ಅರ್ಥವಿಲ್ಲದ ತಮಾಷೆಯ ಪದ), ‘ಡೆಲುಲು’ (ಭ್ರಮೆಯಲ್ಲಿರುವವರು)ಗಳನ್ನು ಸೇರಿಸಿಕೊಂಡಿತು. ಆದರೆ ನಿಘಂಟಿನಲ್ಲಿ ಇದೆ ಎಂದ ಮಾತ್ರಕ್ಕೆ ಪರೀಕ್ಷೆಯಲ್ಲಿ ಬರೆಯಬಹುದು ಎಂದರ್ಥವಲ್ಲ. ನಿಘಂಟು ಚಾಲ್ತಿಯಲ್ಲಿರುವುದನ್ನು ದಾಖಲಿಸುತ್ತದೆ, ಎಲ್ಲಿ ಹೊಂದುತ್ತದೆ ಎಂಬುದನ್ನು ‘ಅನೌಪಚಾರಿಕ’ ಎಂಬ ಸಣ್ಣ ಗುರುತಿನಿಂದ ಪಕ್ಕದಲ್ಲೇ ತಿಳಿಸುತ್ತದೆ. ಮಗ ನಿಘಂಟನ್ನು ತೋರಿಸಿ ವಾದಕ್ಕಿಳಿದರೆ ಆ ಗುರುತಿನ ಮೇಲೆ ಬೆರಳಿಡಿ.

ಮಗಳ ‘ಸಿಕ್ಸ್ ಸೆವೆನ್’ ವಿಚಾರಕ್ಕೆ ಬಂದರೆ, ಅದಕ್ಕೆ ನಿಶ್ಚಿತ ಅರ್ಥವೇ ಇಲ್ಲ. ಡಿಕ್ಷನರಿ ಡಾಟ್ ಕಾಮ್ ಸಂಸ್ಥೆ 2025ರ ವರ್ಷದ ಪದವಾಗಿ ಇದನ್ನೇ ಆರಿಸಿತು. ಶಿಕ್ಷಕರು ‘ಪುಟ ಅರವತ್ತೇಳು ತೆಗೆಯಿರಿ’ ಎಂದೊಡನೆ ಇಡೀ ತರಗತಿ ಕಿಲಕಿಲ ನಗುವುದೂ, ಏಕೆ ನಕ್ಕರೆಂದು ಶಿಕ್ಷಕರಿಗೆ ತಿಳಿಯದಿರುವುದೂ ಆ ಪದದ ಪೂರ್ತಿ ಪ್ರಯೋಜನ. ಹದಿಹರೆಯದ ಸ್ಲ್ಯಾಂಗಿನ ಬಹುಪಾಲು ಕೆಲಸ ಇಷ್ಟೇ: ನಮ್ಮವರು ಯಾರು, ಹೊರಗಿನವರು ಯಾರು ಎಂಬ ಗೆರೆ ಎಳೆಯುವುದು. ನೀವು ಕಾಲೇಜಿನಲ್ಲಿದ್ದಾಗ ಮೇಷ್ಟರನ್ನು ಓಲೈಸುವವನು ‘ಬಕೆಟ್ ಹಿಡಿಯು’ತ್ತಿದ್ದ, ಸುಳ್ಳು ಹೇಳುವವನು ‘ಬುರುಡೆ ಬಿಡು’ತ್ತಿದ್ದ, ಬೇಸರ ಹುಟ್ಟಿಸುವವನು ‘ಕುಯ್ಯು’ತ್ತಿದ್ದ. ‘ನೋ ಕ್ಯಾಪ್’ ಎಂದರೆ ‘ಬುರುಡೆಯಲ್ಲ’ ಎಂದಷ್ಟೇ. ನಿಮ್ಮ ತಲೆಮಾರು ಆ ಮಾತುಗಳನ್ನು ಪರೀಕ್ಷೆಯಲ್ಲಿ ಬರೆಯದೆ ಉಳಿದದ್ದು ಹೇಗೆ ಎಂದು ಕೇಳಿಕೊಂಡರೆ ಸಮಸ್ಯೆಯ ಬುಡ ಸಿಗುತ್ತದೆ.

ಕನ್ನಡದಲ್ಲಿ ನಮಗೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಮೆಟ್ಟಿಲುಗಳೂ ಗೊತ್ತು. ಗೆಳೆಯನಿಗೆ ‘ನೀನು’, ಅತಿಥಿಗೆ ‘ನೀವು’, ಪಂಚಾಯಿತಿಯ ಅರ್ಜಿಗೆ ‘ತಮ್ಮಲ್ಲಿ ವಿನಂತಿ’ ಎಂದು ಯಾರೂ ಕಲಿಸದೆ ಬಂದುಬಿಟ್ಟಿದೆ, ಏಕೆಂದರೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಈ ಎಲ್ಲ ಬಗೆಯ ಮಾತನ್ನೂ ಕೇಳುತ್ತ ಬೆಳೆದಿದ್ದೇವೆ. ಇಂಗ್ಲಿಷಿನಲ್ಲಿ ನಮ್ಮ ಮಕ್ಕಳಿಗೆ ಸಿಗುವುದು ಎರಡು ತುದಿಗಳು ಮಾತ್ರ. ಒಂದು ತುದಿ ಗೈಡುಗಳದ್ದು: ರಜೆ ಪತ್ರ ಬರೆಯಲು ಹೇಳಿದರೆ ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ನೂರು ವರ್ಷ ಹಿಂದಿನ ಗುಮಾಸ್ತರ ಧಾಟಿಯಲ್ಲಿ ಶುರುಮಾಡುತ್ತಾರೆ. ಇನ್ನೊಂದು ತುದಿ ರೀಲುಗಳು, ಆಟದ ವಿಡಿಯೊಗಳು, ಗುಂಪು ಹರಟೆಯದ್ದು. ಇವೆರಡರ ನಡುವಿನ ಸರಳವಾದ, ಶುದ್ಧವಾದ, ಯಾರಿಗಾದರೂ ಹೇಳಬಹುದಾದ ದಿನನಿತ್ಯದ ಇಂಗ್ಲಿಷ್ ಅವರ ಕಿವಿಗೆ ಬೀಳುವ ಜಾಗವೇ ಕಡಿಮೆ. ಉತ್ತರಪತ್ರಿಕೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಬಾಯಿಪಾಠ ಮಾಡಿದ ಮೊದಲ ಪ್ಯಾರಾ ಮುಗಿದು, ಸ್ವಂತ ಅಭಿಪ್ರಾಯ ಬರೆಯಬೇಕಾದ ಎರಡನೆಯ ಪ್ಯಾರಾಕ್ಕೆ ಬಂದೊಡನೆ ‘ಗೊನ್ನಾ’ ಇಣುಕುತ್ತದೆ. ಅಲ್ಲಿ ಸ್ಲ್ಯಾಂಗ್ ಒಳ್ಳೆಯ ಪದವನ್ನು ಹೊರದಬ್ಬಿ ಬಂದು ಕೂತದ್ದಲ್ಲ. ಖಾಲಿ ಇದ್ದ ಜಾಗದಲ್ಲಿ ಬಂದು ಕೂತದ್ದು.

ಬ್ರಿಟನ್ನಿನ ಕೊವೆಂಟ್ರಿ ವಿಶ್ವವಿದ್ಯಾಲಯದ ಸಂಶೋಧಕರು 10ರಿಂದ 12 ವರ್ಷದ ಮಕ್ಕಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಮೊಬೈಲ್ ಸಂದೇಶಗಳಲ್ಲಿ ಮೊಟಕು ಪದಗಳನ್ನು ಹೆಚ್ಚು ಬಳಸುವ ಮಕ್ಕಳ ಓದಿನ ಸಾಮರ್ಥ್ಯ ಕಡಿಮೆಯಿರಲಿಲ್ಲ, ಬದಲಿಗೆ ಚೆನ್ನಾಗಿಯೇ ಇತ್ತು. ಸ್ಲ್ಯಾಂಗಿನ ಪರ ವಾದಿಸುವವರು ಇದನ್ನು ಆಗಾಗ ಎತ್ತಿ ಆಡುತ್ತಾರೆ. ಆದರೆ ಆ ಮಕ್ಕಳು ಇಂಗ್ಲಿಷಿನ ನೆರೆಹೊರೆಯಲ್ಲೇ ಬೆಳೆದವರು. ಪದವನ್ನು ಮೊಟಕುಗೊಳಿಸುವ ಮುನ್ನ ಅದರ ಪೂರ್ಣ ರೂಪ ಅವರಿಗೆ ಗೊತ್ತಿತ್ತು. ಕುಟ್ಟದಲ್ಲೋ ಶನಿವಾರಸಂತೆಯಲ್ಲೋ ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವ ಮಗುವಿಗೆ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಲು ನಾನು ಒಪ್ಪುವುದಿಲ್ಲ. ‘ಗೊನ್ನಾ’ ಎಂಬುದು ‘ಗೋಯಿಂಗ್ ಟು’ ಎಂಬುದರ ಆಡುಮಾತಿನ ರೂಪವೆಂದು ತಿಳಿಯದೆ, ಅದನ್ನೇ ಸ್ವತಂತ್ರ ಪದವೆಂದು ನಂಬಿದ ಪದವಿ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಹಾಗಾಗಿ ‘ಏನೂ ಆಗುವುದಿಲ್ಲ ಬಿಡಿ’ ಎನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ.

ಹಿರಿಯರಾದ ನಮ್ಮ ಇಂಗ್ಲಿಷಿನಲ್ಲೂ ಜಾಗ ತಪ್ಪಿದ ಪದಗಳಿವೆ. ‘ಮಗ ಪಾಸ್ಡ್ ಔಟ್ ಆದ’ ಎಂಬುದು ಇಲ್ಲಿ ಹೆಮ್ಮೆಯ ಮಾತು, ಲಂಡನ್ನಿನಲ್ಲಿ ಮೂರ್ಛೆ ಹೋದ ಸುದ್ದಿ. ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ಇಂದಿಗೂ ಶ್ರದ್ಧೆಯಿಂದ ಕಲಿಸುವ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬ ನುಡಿಗಟ್ಟನ್ನು ಇಂಗ್ಲೆಂಡಿನ ಇಪ್ಪತ್ತರ ಹುಡುಗ ಹುಡುಗಿಯರ ಬಾಯಲ್ಲಿ ಕೇಳುವುದು ಅಪರೂಪ. ಜುಲೈ ತಿಂಗಳ ಭಾಗಮಂಡಲದಲ್ಲಿ ನಿಲ್ಲಿಸಿದರೂ ಅವರು ‘ಇಟ್ಸ್ ಪೋರಿಂಗ್’ ಎಂದಾರು. ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಒಳ್ಳೆಯ ಇಂಗ್ಲಿಷಿಗೆ ದಾರಿಯೆಂದು ನನಗೆ ಎಂದೂ ಅನಿಸಿಲ್ಲ.

ಈಗ ನಿಜವಾದ ಅಪಾಯಗಳು. ‘ಕೆಎಂಎಸ್’ ಎಂಬುದನ್ನು ಬಹುತೇಕ ಮಕ್ಕಳು ‘ಅಯ್ಯೋ, ಸತ್ತೆ’ ಎಂಬ ಉದ್ಗಾರದಂತೆ ಬಳಸುತ್ತಾರೆ. ಲೆಕ್ಕ ತಪ್ಪಿದಾಗ ಬರೆದದ್ದು ಅಂಥದ್ದೇ ಇರಬಹುದು. ಹಾಗೆಂದು ಊಹಿಸಿ ಸುಮ್ಮನಿರಬೇಡಿ. ಶಾಂತವಾದ ಹೊತ್ತಿನಲ್ಲಿ ‘ನಿನಗೆ ನಿಜವಾಗಿಯೂ ಹಾಗೆ ಅನಿಸುವುದುಂಟಾ’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ. ಮಾನಸಿಕ ಆರೋಗ್ಯ ತಜ್ಞರು ನೇರವಾಗಿ ಕೇಳುವುದನ್ನೇ ಸೂಚಿಸುತ್ತಾರೆ. ಪದದ ಜೊತೆಗೆ ನಿದ್ದೆ, ಊಟ ಬದಲಾಗಿದ್ದರೆ, ಗೆಳತಿಯರಿಂದ ದೂರವಾಗಿದ್ದರೆ, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುತ್ತಿದ್ದರೆ ಅದು ಭಾಷಾ ಶಿಕ್ಷಕರ ಕೈಯಲ್ಲಿರುವ ವಿಷಯವಲ್ಲ. ತಡಮಾಡದೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ‘ಅನ್‌ಅಲೈವ್’ ಎಂಬ ಪದವನ್ನೂ ತಿಳಿದಿರಿ: ಸಾವು, ಆತ್ಮಹತ್ಯೆ ಎಂಬ ಪದಗಳಿರುವ ವಿಡಿಯೊಗಳನ್ನು ಜಾಲತಾಣಗಳು ತಡೆಯುತ್ತವೆ ಎಂಬ ಭಯದಿಂದ ಬಳಕೆದಾರರು ಕಂಡುಕೊಂಡ ಬದಲಿ ಪದವದು.

ಮಾದಕ ವಸ್ತುಗಳ ಸಂಕೇತವೆಂದು ಬಂದಿರುವ ಪಟ್ಟಿಯನ್ನು ಅಳಿಸಿಹಾಕಿ. ಗುಟ್ಟಿನ ಪದ ತಾಯಂದಿರ ಗುಂಪಿಗೆ ಬಂದು ತಲುಪುವಷ್ಟರಲ್ಲಿ ಗುಟ್ಟಾಗಿ ಉಳಿದಿರುವುದಿಲ್ಲ. ಅನುಮಾನವಿದ್ದರೆ ಮಗನ ಖರ್ಚು, ಸಹವಾಸ, ಆರೋಗ್ಯ, ಹಾಜರಾತಿಯನ್ನು ನೋಡಿ. ಪದಕೋಶವನ್ನು ನೋಡಿ ಪ್ರಯೋಜನವಿಲ್ಲ.

ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಇನ್ನೊಂದು ಬಗೆಯ ಪದಗಳಿವೆ. ‘ಸಿಗ್ಮಾ’, ‘ಲುಕ್ಸ್‌ಮ್ಯಾಕ್ಸಿಂಗ್’, ‘ಮಾಗಿಂಗ್’ (ಕ್ರಮವಾಗಿ ಯಾರ ಹಂಗೂ ಇಲ್ಲದ ಒಂಟಿ ಗಂಡು, ರೂಪ ಹೆಚ್ಚಿಸಿಕೊಳ್ಳುವ ಗೀಳು, ರೂಪದಲ್ಲಿ ಇನ್ನೊಬ್ಬರನ್ನು ಮೀರಿಸುವುದು) ಮುಂತಾದವು ಹೆಣ್ಣನ್ನು ಕೀಳಾಗಿ ಕಾಣುವ ಗಂಡಸರ ಆನ್‌ಲೈನ್ ಕೂಟಗಳಲ್ಲಿ ಬಳಕೆಗೆ ಬಂದು ಆಮೇಲೆ ಎಲ್ಲೆಡೆ ಹರಡಿದವು. ಎಂಟನೇ ತರಗತಿಯ ಹುಡುಗಿ ‘ಸಿಗ್ಮಾ’ ಎಂದರೆ ‘ಭಾರೀ’ ಎಂದಷ್ಟೇ ಇರಬಹುದು. ಆದರೆ ಹದಿನಾರರ ಹುಡುಗನೊಬ್ಬ ಆ ಪದದ ಜೊತೆಗೆ ತರಗತಿಯ ಹುಡುಗಿಯರ ಬಗ್ಗೆ ತಾತ್ಸಾರದ ಸಿದ್ಧಾಂತಗಳನ್ನೂ ಹೇಳತೊಡಗಿದರೆ, ಯಾರ ವಿಡಿಯೊ ನೋಡುತ್ತಿದ್ದೀ ಎಂದು ಕೇಳುವ ಸಮಯ ಬಂದಿದೆ ಎಂದರ್ಥ. ಹಾಗೆಯೇ, ಇಂದಿನ ಇಂಗ್ಲಿಷ್ ಸ್ಲ್ಯಾಂಗಿನ ದೊಡ್ಡ ಪಾಲು ಅಮೆರಿಕದ ಕಪ್ಪು ಜನರಿಂದ ಬಂದದ್ದು. ‘ಕೂಲ್’ ಅವರ ಜಾಝ್ ಸಂಗೀತದ ವಲಯದಿಂದ ಹರಡಿತು, ‘ಶೇಡ್’ (ಜಾಣತನದ ಚುಚ್ಚುಮಾತು) ಎಂಬುದು ನ್ಯೂಯಾರ್ಕಿನಲ್ಲಿ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿ, ಲಿಂಗಪರಿವರ್ತಿತ ಸಮುದಾಯದವರು ನಡೆಸುತ್ತಿದ್ದ ನೃತ್ಯಕೂಟಗಳಿಂದ ಬಂತು. ಅವರ ರ‍್ಯಾಪ್ ಹಾಡುಗಳಲ್ಲಿ ಬರುವ, ಕಪ್ಪು ಜನರನ್ನು ಹೀಯಾಳಿಸಲು ಬಿಳಿಯರು ಬಳಸುತ್ತಿದ್ದ, ‘ಎನ್’ ಅಕ್ಷರದಿಂದ ಶುರುವಾಗುವ ಒಂದು ಪದವನ್ನು ನಮ್ಮ ಹುಡುಗರು ಅರ್ಥ ತಿಳಿಯದೆ ಗೆಳೆಯರಿಗೆ ಅನ್ನುವುದುಂಟು. ಮುಂದೆ ಹೊರದೇಶಕ್ಕೋ ಬಹುರಾಷ್ಟ್ರೀಯ ಕಂಪನಿಗೋ ಹೋಗುವ ಹುಡುಗನಿಗೆ ಆ ಪದ ಕೆಲಸವನ್ನೇ ಕಳೆಯಬಹುದು. ಇದೊಂದನ್ನು ಮಾತ್ರ ‘ಬಳಸಲೇಬೇಡ’ ಎಂದು ಕಾರಣಸಹಿತ ಹೇಳಿಬಿಡಿ.

ಕೊಡವ ತಕ್ಕಿನ ಬಗ್ಗೆ ಮಾವನವರ ನೋವು ನಿಜವಾದದ್ದು. ಕಾರಣವನ್ನು ಮಾತ್ರ ಅವರು ತಪ್ಪಾಗಿ ಗುರುತಿಸಿದ್ದಾರೆ. 2011ರ ಜನಗಣತಿಯಲ್ಲಿ ಅದನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 1.13 ಲಕ್ಷ ಜನ, ಮತ್ತು ಯುನೆಸ್ಕೊ ತನ್ನ ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಇಷ್ಟು ಚಿಕ್ಕ ಭಾಷೆ ಕುಂದುವುದು ಹುಡುಗರು ‘ಬ್ರೋ’ ಎನ್ನುವುದರಿಂದಲ್ಲ. ಶಾಲೆಯಲ್ಲಿ ಅದಕ್ಕೆ ಜಾಗವಿಲ್ಲದೆ, ಓದಿಗೂ ಉದ್ಯೋಗಕ್ಕೂ ಮಕ್ಕಳು ಜಿಲ್ಲೆಯಿಂದ ಹೊರಹೋಗಿ, ಕೊನೆಗೆ ತಂದೆತಾಯಿಯರೇ ಮಕ್ಕಳೊಡನೆ ಆ ಭಾಷೆಯಲ್ಲಿ ಮಾತು ನಿಲ್ಲಿಸಿದಾಗ. ನಿಮ್ಮ ಪತ್ರದ ಕೊನೆಯ ಸಾಲುಗಳಲ್ಲಿ ನೀವೇ ಇದನ್ನು ಬರೆದಿದ್ದೀರಿ. ಒಳ್ಳೆಯ ಉದ್ದೇಶದಿಂದ ಮಾಡಿದ್ದಕ್ಕೆ ನಿಮ್ಮನ್ನು ದೂರಲು ನನಗೆ ಮನಸ್ಸಿಲ್ಲ, ಆದರೆ ಇಂಗ್ಲಿಷ್ ಬರಲು ಮನೆಮಾತನ್ನು ಬಿಡಲೇಬೇಕೆಂಬುದು ಸರಿಯಲ್ಲ. ಎರಡು ಮೂರು ಭಾಷೆಗಳಲ್ಲಿ ಒಟ್ಟಿಗೆ ಬೆಳೆಯುವುದು ಕೊಡಗಿನ ಮಕ್ಕಳಿಗೆ ಹೊಸದೇನಲ್ಲ. ಅಜ್ಜ ಅಜ್ಜಿಯೊಡನೆ ಊಟದ ಹೊತ್ತಿನಲ್ಲಿ ಕೊಡವ ತಕ್ಕೇ ಇರಲಿ. ಮಕ್ಕಳು ತಪ್ಪಾಗಿ ಮಾತನಾಡಿದಾಗ ನಗಬಾರದೆಂದು ಮಾವನವರಿಗೂ ಹೇಳಿ, ಏಕೆಂದರೆ ಹಾಗೆ ನಕ್ಕದ್ದರಿಂದಲೇ ಮನೆಮಾತನ್ನು ಆಡಲು ನಾಚಿಕೊಳ್ಳುವವರನ್ನು ನಾನು ತರಗತಿಯಲ್ಲಿ ಕಾಣುತ್ತಲೇ ಇದ್ದೇನೆ. ಅಜ್ಜಿಯನ್ನು ‘ಬ್ರೋ’ ಎನ್ನುವ ಹುಡುಗನಿಗೆ ಅಜ್ಜಿಯೇ ‘ನಾನು ನಿನ್ನ ಬ್ರೋ ಅಲ್ಲ’ ಎಂದರೆ ಸಾಕು, ಉಪನ್ಯಾಸ ಬೇಡ.

ಇನ್ನು ಏನು ಮಾಡಬಹುದು? ಸ್ಲ್ಯಾಂಗನ್ನು ಮನೆಯಲ್ಲಿ ನಿಷೇಧಿಸಬಹುದು, ಆದರೆ ಆ ಮಾತು ಹಾಸ್ಟೆಲಿಗೆ ಹೋಗಿ ಉಳಿಯುತ್ತದೆ, ನಿಮ್ಮ ಕಿವಿಗೆ ಬೀಳುವುದು ನಿಲ್ಲುತ್ತದೆ, ಮಗಳ ‘ಕೆಎಂಎಸ್’ನಂಥದ್ದು ಮುಂದೆ ನಿಮಗೆ ಗೊತ್ತಾಗುವುದೇ ಇಲ್ಲ. ತಾನಾಗಿ ಸರಿಹೋಗುತ್ತದೆಂದು ಬಿಟ್ಟುಬಿಡಬಹುದು. ಪದಗಳು ಹಳತಾಗಿ ಉದುರಿಹೋಗುವುದಂತೂ ನಿಜ, ಆದರೆ ಆ ಖಾಲಿ ಜಾಗ ಹಾಗೆಯೇ ಉಳಿದು, ದ್ವಿತೀಯ ಪಿಯುಸಿ ಪರೀಕ್ಷೆಯಲ್ಲೂ ಆಮೇಲಿನ ಸಂದರ್ಶನದಲ್ಲೂ ಎದುರಾಗುತ್ತದೆ. ನಾನು ಸೂಚಿಸುವುದು ಆ ಜಾಗವನ್ನು ತುಂಬುವ ದಾರಿಯನ್ನು. ಅದು ನಿಧಾನದ್ದು, ಮೊದಲ ತಿಂಗಳುಗಳಲ್ಲಿ ಅಂಕಗಳಲ್ಲಿ ಏನೂ ಕಾಣದೆ ಬೇಸರವಾಗಬಹುದು.

ನಿಮ್ಮ ಬಳಿ ಇದಕ್ಕೆ ಬೇಕಾದ ಸಾಧನ ಮನೆಯಲ್ಲೇ ಇದೆ: ಹೋಂಸ್ಟೇ. ಅತಿಥಿಗಳಿಗೆ ಉತ್ತರಿಸುವ ಕೆಲಸವನ್ನು ಮಗನಿಂದ ಕಿತ್ತುಕೊಳ್ಳದೆ ಅವನಿಗೇ ವಹಿಸಿ, ಆದರೆ ಕಳಿಸುವ ಮುನ್ನ ಕರಡನ್ನು ಓದಿ ಹೇಳಲಿ. ಕೊಠಡಿ ಖಾಲಿಯಿದೆ, ಮಳೆಯಲ್ಲಿ ಕೊನೆಯ ಎರಡು ಕಿಲೋಮೀಟರ್ ರಸ್ತೆ ಸರಿಯಿಲ್ಲ, ಜೀಪು ಕಳಿಸುತ್ತೇವೆ ಎಂಬ ಒಂದೇ ವಿಷಯವನ್ನು ಮೂವರಿಗೆ ಬರೆಯಲು ಹೇಳಿ: ತನ್ನ ವಯಸ್ಸಿನ ಗೆಳೆಯನಿಗೆ, ಎಪ್ಪತ್ತರ ದಂಪತಿಗೆ, ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗೆ. ಮೊದಲನೆಯದರಲ್ಲಿ ‘ಫೈರ್’ ಇರಲಿ. ಎರಡನೆಯದು ಬರೆಯಲು ಅವನು ತಿಣುಕುವುದನ್ನು ನೀವೇ ನೋಡುತ್ತೀರಿ. ಕಲಿಕೆ ನಡೆಯುವುದು ಅಲ್ಲಿಯೇ. ಕಾಫಿ ಮಂಡಳಿಗೆ ಸಹಾಯಧನದ ಬಗ್ಗೆ ಕೇಳುವ ಇಮೇಲನ್ನೂ ಅವನೇ ಬರೆಯಲಿ. ನಿಜವಾಗಿ ಯಾರೋ ಓದುತ್ತಾರೆ, ಉತ್ತರ ಬರುತ್ತದೆ ಎಂದಾಗ ಹುಡುಗರು ತೋರುವ ಶ್ರದ್ಧೆಯನ್ನು ನಾನು ಯಾವ ಮಾದರಿ ಪ್ರಶ್ನೆಪತ್ರಿಕೆಯಲ್ಲೂ ಕಂಡಿಲ್ಲ. ಜೊತೆಗೆ ದಿನಕ್ಕೊಂದು ಇಂಗ್ಲಿಷ್ ಪತ್ರಿಕಾ ವರದಿಯನ್ನು ಗಟ್ಟಿಯಾಗಿ ಓದಿ, ಅದನ್ನು ನಾಲ್ಕು ವಾಕ್ಯಗಳಲ್ಲಿ ತನ್ನದೇ ಮಾತಿನಲ್ಲಿ ಹೇಳಲಿ. ಹಾಕಿ ಪಂದ್ಯದ ವರದಿಯಾದರೂ ಸರಿಯೇ. ಅಂಕ ಹೋದ ಪ್ರಬಂಧವನ್ನು ಹಿಡಿದು ಉಪನ್ಯಾಸಕರ ಬಳಿ ಹೋಗಿ, ತಪ್ಪಿದ ಜಾಗದಲ್ಲಿ ಏನು ಬರೆಯಬಹುದಿತ್ತೆಂದು ಕೇಳಲಿ, ಏಕೆಂದರೆ ಕೆಂಪು ಗೆರೆ ತಪ್ಪನ್ನು ತೋರಿಸುತ್ತದೆಯೇ ಹೊರತು ಸರಿಯಾದುದನ್ನು ಕಲಿಸುವುದಿಲ್ಲ.

ಫೋನಿನ ಮೇಲೆ ಮಿತಿ ಹಾಕುವುದಿದ್ದರೆ ನಿದ್ದೆ ಮತ್ತು ಓದಿನ ಕಾರಣಕ್ಕೆ ಹಾಕಿ, ಕಾರಣವನ್ನೂ ಹಾಗೆಯೇ ಹೇಳಿ. ರಾತ್ರಿ ಮಗಳ ಫೋನು ನಿಮ್ಮ ಕೋಣೆಯಲ್ಲಿ ಚಾರ್ಜ್ ಆಗಲಿ. ನೀವೇ ಈ ಭಾಷೆ ಕಲಿಯಬೇಕೇ ಎಂದು ಕೇಳಿದ್ದೀರಿ. ಅರ್ಥ ತಿಳಿದುಕೊಳ್ಳಿ, ಬಳಸಲು ಹೋಗಬೇಡಿ. ತಾಯಿ ‘ಸ್ಲೇ’ (ಅಮೋಘ ಎಂಬ ಮೆಚ್ಚುಗೆ) ಎಂದ ದಿನವೇ ಮಗಳು ಆ ಪದವನ್ನು ಬಿಟ್ಟು, ನಿಮಗೆ ಗೊತ್ತಿಲ್ಲದ ಇನ್ನೊಂದಕ್ಕೆ ಹೋಗುತ್ತಾಳೆ. ಗೊತ್ತಿಲ್ಲದ ಪದ ಕಿವಿಗೆ ಬಿದ್ದಾಗ ಇಂಟರ್ನೆಟ್ಟಿನಲ್ಲಿ ಹುಡುಕುವ ಮುನ್ನ ಅವಳನ್ನೇ ಕೇಳಿ. ಹೆಚ್ಚಿನವನ್ನು ಅವಳು ನಗುತ್ತ, ನಿಮ್ಮನ್ನು ಸ್ವಲ್ಪ ಗೇಲಿ ಮಾಡುತ್ತ ವಿವರಿಸುತ್ತಾಳೆ. ಯಾವ ಪದವನ್ನು ವಿವರಿಸಲು ಹಿಂಜರಿಯುತ್ತಾಳೋ ಅದನ್ನು ನೆನಪಿಟ್ಟುಕೊಂಡು, ಆಮೇಲೆ ನೀವೇ ಹುಡುಕಿ ನೋಡಿ.